ವಿದ್ಯಾರ್ಥಿನಿಲಯದ ಅರ್ಜಿ ಮತ್ತು ದತ್ತಾಂಶ ಭದ್ರತೆ: ಕಮಲಾಪುರ ತಾಲ್ಲೂಕನ್ನು ಮುಂದಿಟ್ಟುಕೊಂಡು

ಕಮಲಾಪುರ ತಾಲ್ಲೂಕಿನ ಮಹಾಗಾಂವದಂಥ ಊರಿನಿಂದ ಓದಲು ಕಲಬುರಗಿಗೆ ಬರುವ ಬಡ ಮಕ್ಕಳಿಗೆ ಕಾಲೇಜು ಸೀಟಿನಷ್ಟೇ ಹಾಸ್ಟೆಲ್ ಸೀಟೂ ಮುಖ್ಯ. ಮೆಟ್ರಿಕ್ ನಂತರದ ಸರ್ಕಾರಿ ವಿದ್ಯಾರ್ಥಿನಿಲಯಗಳಿಗೆ ಈಗ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ನಾಡಕಚೇರಿ ಕೊಟ್ಟ ಜಾತಿ–ಆದಾಯ ಪ್ರಮಾಣಪತ್ರದ ಆರ್‌.ಡಿ. ಸಂಖ್ಯೆ, ಮೊಬೈಲ್, ವಿಳಾಸ ಎಲ್ಲವೂ ಒಂದೇ ಕಡತಕ್ಕೆ ಬಂದು ಬೀಳುತ್ತವೆ. ಮನೆಯ ಜಾತಿಯೂ ಬಡತನವೂ ಒಟ್ಟಿಗೆ ಕಾಣುವ ಕಡತವಿದು.

ಇಂಥ ತಂತ್ರಾಂಶದ ಭದ್ರತೆ ಎಂದೊಡನೆ ದೂರದ ಹ್ಯಾಕರ್ ನೆನಪಾಗುತ್ತಾನೆ. ಆದರೆ ಹೆಚ್ಚಿನ ಅಪಾಯ ಲಾಗಿನ್ ಆದವರ ನಡುವೆಯೇ ಇದೆ ಎಂಬುದು ನನ್ನ ವಾದ. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಅರ್ಜಿ ಸಂಖ್ಯೆ 1041 ಎಂದಿದೆ ಎನ್ನೋಣ. ಅದನ್ನು 1042 ಎಂದು ತಿದ್ದಿದರೆ ಪಕ್ಕದವಳ ಆದಾಯ ಪ್ರಮಾಣಪತ್ರ ತೆರೆದುಕೊಳ್ಳುವಂತಿದ್ದರೆ ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೇನು? ವೆಬ್ ತಂತ್ರಾಂಶಗಳ ಭದ್ರತೆಗೆ ದುಡಿಯುವ ಓವಾಸ್ಪ್ ಸಂಸ್ಥೆಯ 2017ರ ಅಪಾಯಗಳ ಪಟ್ಟಿಯಲ್ಲಿ ಐದನೆಯದಾಗಿದ್ದ ಇಂಥ ಪ್ರವೇಶ ನಿಯಂತ್ರಣದ ಲೋಪ 2021ರಲ್ಲಿ ಮೊದಲ ಸ್ಥಾನಕ್ಕೇರಿತು. ಸಂಖ್ಯೆಯನ್ನು ಊಹಿಸಲಾಗದಂತೆ ಬದಲಿಸಿದರೆ ಅರ್ಧ ಕೆಲಸವಷ್ಟೇ ಆಯಿತು. ಕೇಳುತ್ತಿರುವವರು ಯಾರು, ಈ ಕಡತ ಅವರದೇ ಎಂದು ಸರ್ವರ್ ಪ್ರತಿ ಸಲವೂ ಪರಿಶೀಲಿಸಬೇಕು. ವಾರ್ಡನ್‌ಗೆ ತಮ್ಮ ನಿಲಯದ ಮಕ್ಕಳ ವಿವರವಷ್ಟೇ ಕಾಣಬೇಕು. ಯಾರು ಯಾವಾಗ ನೋಡಿದರೆಂಬುದು ಲಾಗ್‌ನಲ್ಲಿ ಉಳಿಯಬೇಕು. ಎಸ್‌ಕ್ಯುಎಲ್ ಇಂಜೆಕ್ಷನ್, ಅಂದರೆ ಅರ್ಜಿಯ ಖಾನೆಯ ಮೂಲಕ ದತ್ತಾಂಶಕೋಶಕ್ಕೆ ಆದೇಶ ತೂರಿಸುವ ದಾಳಿಯನ್ನು, ತಡೆಯುವ ಮದ್ದು ಹಳೆಯದು, ಸುಲಭದ್ದು. ಪ್ಯಾರಾಮೀಟರ್ ಬಳಸಿದ ಕ್ವೆರಿಗಳನ್ನೇ ಬರೆದರಾಯಿತು.

ಊರ ಕಡೆಯ ಸಂಗತಿ ಇನ್ನೊಂದಿದೆ. ಎಷ್ಟೋ ಅರ್ಜಿಗಳನ್ನು ವಿದ್ಯಾರ್ಥಿ ತುಂಬುವುದಿಲ್ಲ. ಗ್ರಾಮ ಒನ್ ಸೇವಾ ಕೇಂದ್ರ ಅಥವಾ ಝೆರಾಕ್ಸ್ ಅಂಗಡಿಯವರು ತುಂಬಿಕೊಡುತ್ತಾರೆ. ಪಾಸ್‌ವರ್ಡೂ ಅವರದೇ ಆಯ್ಕೆ, ಸ್ಕ್ಯಾನ್ ಮಾಡಿದ ದಾಖಲೆ ಉಳಿಯುವುದೂ ಅವರ ಡೌನ್‌ಲೋಡ್ ಫೋಲ್ಡರಿನಲ್ಲೇ. ಅವರನ್ನು ದೂರಿ ಫಲವಿಲ್ಲ, ಅವರಿಲ್ಲದೆ ಅರ್ಜಿಯೇ ಇಲ್ಲ. ಸಹಾಯಕರಿಗೆ ಪ್ರತ್ಯೇಕ ಲಾಗಿನ್, ಅರ್ಜಿ ಸಲ್ಲಿಕೆಯಾದೊಡನೆ ಅದರ ಮೇಲೆ ಆ ಲಾಗಿನ್‌ನ ಹಕ್ಕು ಮುಕ್ತಾಯ, ಬೇಗ ಕೊನೆಗೊಳ್ಳುವ ಸೆಷನ್: ವಿನ್ಯಾಸ ಇಲ್ಲಿಂದಲೇ ಆರಂಭವಾಗಲಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಪಿಯುಸಿಯವರಲ್ಲಿ ಬಹುಪಾಲು ಈ ಸಾಲಿಗೇ ಸೇರುತ್ತಾರೆ. ಭದ್ರತೆಯ ಲೋಪದಿಂದ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಕಾಯ್ದೆಯೇ ತಡೆದಿದೆ. ಹೀಗಿರುವಾಗ ಎಲ್ಲರಿಗೂ ಕಾಣುವ ಆಯ್ಕೆ ಪಟ್ಟಿಯಲ್ಲಿ ಜಾತಿ, ಮೊಬೈಲ್ ಕಾಲಂ ಏಕೆ ಬೇಕು? ಅರ್ಜಿ ಸಂಖ್ಯೆ, ನಿಲಯದ ಹೆಸರು ಸಾಕು. ಪಟ್ಟಿಯ ಈ ಬದಲಾವಣೆಗೆ ಹೊಸ ತಂತ್ರಾಂಶವೂ ಬೇಡ, ಹೊಸ ಅನುದಾನವೂ ಬೇಡ. ಮುಂದಿನ ಪ್ರವೇಶದ ವೇಳೆಗೇ ಸಂಬಂಧಪಟ್ಟ ಇಲಾಖೆಗಳು ಇದನ್ನು ಜಾರಿಗೆ ತರಲಿ.