ದೀಪದೆಣ್ಣೆಗೂ ಹೊಲ: ವಿದ್ಯಾಶಾಲೆಗಳ ಶಾಸನಗಳು

ಇಟಲಿಯ ಫೆರಾರಾ ವಿಶ್ವವಿದ್ಯಾಲಯ ಶುರುವಾದದ್ದು ಕ್ರಿ.ಶ. ೧೩೯೧ರಲ್ಲಿ. ಊರಿನ ದೊರೆ ಎಸ್ತೆ ಮನೆತನದ ಐದನೇ ಆಲ್ಬರ್ಟೊ. ಅಪ್ಪಣೆ ಕೊಟ್ಟವನು ಪೋಪ್ ಒಂಬತ್ತನೇ ಬೊನಿಫೇಸ್. ಅರಮನೆ ಮತ್ತು ಗುರುಪೀಠದ ಈ ಜೋಡಿ ನಮ್ಮ ಶಾಸನಗಳಿಗೆ ಹೊಸದೇನಲ್ಲ. ಆದರೆ ನಮ್ಮ ಕಲ್ಲುಗಳಲ್ಲಿ ಇನ್ನೊಂದು ವಿಷಯವೂ ಇದೆ: ಶಾಲೆ ದಿನದಿನವೂ ನಡೆಯೋದು ಹೇಗೆ ಅನ್ನೋ ಲೆಕ್ಕ.

ಬಳ್ಳಿಗಾವಿಯ ಕೋಡಿಯಮಠವನ್ನೇ ನೋಡಿ. ಕಳಚುರಿ ಬಿಜ್ಜಳನ ಕಾಲದ ೧೧೬೨ರ ಶಾಸನ ಅದನ್ನು ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ ಜಾಗ ಎಂದು ಹೊಗಳುತ್ತದೆ. ಮಠ ಕಾಳಾಮುಖ ಗುರುಗಳದು. ದೀನರು, ಕುರುಡರು, ಕುಂಟರಿಗೆ ಅಲ್ಲಿ ಊಟ, ರೋಗಿಗಳಿಗೆ ಮದ್ದು.

ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ದಂಡನಾಯಕ ಮಧುಸೂದನ ಕಟ್ಟಿಸಿದ ಘಟಿಕಾಸ್ಥಾನ ಇತ್ತು. ಒಂದನೇ ಸೋಮೇಶ್ವರನ ಕಾಲದ ೧೦೫೮ರ ಶಾಸನದ ಪ್ರಕಾರ ವೇದ ಓದುವವರೇ ೨೦೦ ಮಂದಿ. ಪುಸ್ತಕ ಕಾಯೋದಕ್ಕೆ ೬ ಜನ ಸರಸ್ವತೀ ಭಂಡಾರಿಗರು. ಉಪಾಧ್ಯಾಯರ ಹಾಗೆ ಅವರಿಗೂ ಭೂಮಿ.

ಇಂಡಿ ತಾಲ್ಲೂಕಿನ ಸಾಲೋಟಗಿಯ ೯೪೫ರ ಕಂಬಶಾಸನ ಇನ್ನೂ ಸ್ವಾರಸ್ಯದ್ದು. ಅಂದು ಊರ ಹೆಸರು ಪಾವಿಟ್ಟಗೆ. ಶಾಲೆಯ ಕೀರ್ತಿ ಹಬ್ಬಿ 'ಶಾಲಾ ಪಾವಿಟ್ಟಗೆ' ಸಾಲೋಟಗಿ ಆಯಿತು ಅಂತಾರೆ ವಿದ್ವಾಂಸರು. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆ ಅದು. ನಾನಾ ದೇಶದ ವಿದ್ಯಾರ್ಥಿಗಳಿಗೆ ೨೭ ಮನೆ, ದೀಪದೆಣ್ಣೆಗೇ ಬೇರೆ ೧೨ ನಿವರ್ತನ ಹೊಲ. ಊರ ಬ್ರಾಹ್ಮಣರ ಮನೆಯಲ್ಲಿ ಮದುವೆಯಾದರೆ ಶಾಲೆಗೆ ೫ ನಾಣ್ಯ, ಮುಂಜಿಗೆ ಅದರರ್ಧ, ಚೌಲಕ್ಕೆ ಮತ್ತೆ ಅದರರ್ಧ.

ಹಾಗಂತ ಎಲ್ಲವನ್ನೂ ಹೊಗಳಬೇಕಾಗಿಲ್ಲ. ಈ ಘಟಿಕೆ, ಶಾಲೆಗಳ ಬಾಗಿಲು ಎಲ್ಲರ ಮಕ್ಕಳಿಗೂ ತೆರೆದಿರಲಿಲ್ಲ. ದತ್ತಿ ಹೊಲದಲ್ಲಿ ಬೆವರು ಸುರಿಸಿದವರ ಹೆಸರು ಕಲ್ಲಿನ ಮೇಲೆ ಬರೋದೂ ಅಪರೂಪ. ಆದರೂ ಹೊಲ, ಎಣ್ಣೆ, ಮದುವೆ ಕಾಣಿಕೆಯ ಲೆಕ್ಕ ಇರೋದರಿಂದಲೇ ರಾಜ, ಗುರುಗಳ ಬೆನ್ನ ಹಿಂದೆ ನಿಂತ ಊರು ನಮಗೆ ಕಾಣೋದು.

ಶಾಸನದ ಮೇಲಿನ ಸಾಲುಗಳು ದೊರೆಯ ಬಿರುದಿಗೆ ಮೀಸಲು; ದತ್ತಿಯ ವಿವರ ಬರೋದು ಕೆಳಗೆ. ಕಲ್ಲು ಹೂತುಹೋದರೆ ಮೊದಲು ಮರೆಯಾಗೋದೂ ಅದೇ. ಕೆಂಕೆರೆ, ಹುಳಿಯಾರು, ತಿಪಟೂರು ಕಡೆಯವರಲ್ಲಿ ಇಷ್ಟೇ ವಿನಂತಿ: ತೆಂಗಿನ ತೋಟದ ಬದುವಿನಲ್ಲೋ ಗುಡಿ ಮುಂದೋ ಅಕ್ಷರದ ಕಲ್ಲು ಕಂಡರೆ ಬಣ್ಣ ಬಳಿಯಬೇಡಿ, ಒಗೆಯೋ ಕಲ್ಲು ಮಾಡಬೇಡಿ. ಓದಬಲ್ಲವರನ್ನು ಕರೆಸಿ, ಬುಡದ ಸಾಲಿನ ತನಕ ಓದಿಸಿ.