ಖಾದ್ಯ ತೈಲ ಶುದ್ಧೀಕರಣದ ತ್ಯಾಜ್ಯದಲ್ಲಿ ಉಳಿಯುವ ಎಣ್ಣೆ

ಕಚ್ಚಾ ಖಾದ್ಯ ತೈಲವನ್ನು ಕ್ಷಾರದಿಂದ ಶುದ್ಧೀಕರಿಸುವಾಗ ಕೈಬಿಟ್ಟುಹೋಗುವ ಎಣ್ಣೆ ಹೆಚ್ಚಾಗಿ ಸೇರುವುದು ಸೋಪ್‌ಸ್ಟಾಕಿಗೆ ಮತ್ತು ಬಣ್ಣ ತೆಗೆದ ಬ್ಲೀಚಿಂಗ್ ಮಣ್ಣಿಗೆ. ಸಾಬೂನಿನವರು ಬೇಕೆಂದು ಮಾಡುವುದನ್ನೇ ರಿಫೈನರಿಯವರು ಬೇರೆ ದಾರಿಯಿಲ್ಲದೆ ಮಾಡುತ್ತಾರೆ. ಮುಕ್ತ ಕೊಬ್ಬಿನಾಮ್ಲ ಕಾಸ್ಟಿಕ್ ಸೋಡಾದೊಡನೆ ಸಾಬೂನಾಗಿ ಬೇರ್ಪಡುವಾಗ ಒಳ್ಳೆಯ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ; ಈ ಮಿಶ್ರಣವೇ ಸೋಪ್‌ಸ್ಟಾಕ್.

ಸೋಪ್‌ಸ್ಟಾಕಿಗೆ ಹಬೆ ಕೊಟ್ಟು ಕುದಿಸಿ, ಪಿಎಚ್ 2ರಿಂದ 3ಕ್ಕೆ ಇಳಿಯುವವರೆಗೆ ಗಂಧಕಾಮ್ಲ ಹಾಕಿ ತಣಿಯಲು ಬಿಟ್ಟರೆ ಮೂರು ಪದರಗಳಾಗುತ್ತವೆ. ಮೇಲೆ ಕಡುಕಂದು ಆಸಿಡ್ ಆಯಿಲ್, ತಳದಲ್ಲಿ ಹುಳಿ ನೀರು, ನಡುವೆ ಎರಡಕ್ಕೂ ಸೇರದ ಲೋಳೆ. ಮೊದಲೇ ಅಂಟು ತೆಗೆಯದ ಎಣ್ಣೆಯಾದರೆ ಈ ಲೋಳೆ ದಪ್ಪಗಾಗಿ ಎಣ್ಣೆಯನ್ನು ಬಿಟ್ಟುಕೊಡುವುದಿಲ್ಲ. ಆಸಿಡ್ ಆಯಿಲ್ ಬಟ್ಟೆ ಸಾಬೂನಿಗೆ, ಕೊಬ್ಬಿನಾಮ್ಲ ತಯಾರಿಕೆಗೆ, ಜೈವಿಕ ಡೀಸೆಲ್ಲಿಗೆ ಹೋಗುತ್ತದೆ. ಸಲ್ಫೇಟ್ ತುಂಬಿದ ತಳದ ನೀರನ್ನು ಸಂಸ್ಕರಿಸುವ ಖರ್ಚು ಬಿಟ್ಟು ಲಾಭ ತೋರಿಸಿದರೆ ಅದು ಅರ್ಧ ಲೆಕ್ಕ.

ರಾಯಚೂರು, ಗಂಗಾವತಿ ಕಡೆಯ ಅಕ್ಕಿ ಗಿರಣಿಗಳ ತೌಡಿನಲ್ಲಿ ಈ ನಷ್ಟ ಇನ್ನೂ ದೊಡ್ಡದು. ತೌಡು ಕಳಚಿದ ಕೂಡಲೇ ಅದರ ಲೈಪೇಸ್ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ; ಆಮ್ಲ ಏರಿದಷ್ಟೂ ಸೋಪ್‌ಸ್ಟಾಕ್ ಹೆಚ್ಚುತ್ತದೆ. ತೌಡೆಣ್ಣೆಯ ಹೆಗ್ಗಳಿಕೆಯಾದ ಒರಿಜನಾಲ್ ಕೂಡ ಬಹುಪಾಲು ಅದರಲ್ಲೇ ಹೋಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಈ ಸೋಪ್‌ಸ್ಟಾಕಿನಿಂದ ಒರಿಜನಾಲ್ ಬೇರ್ಪಡಿಸುವ ವಿಧಾನದ ಮೇಲೆ ಕೆಲಸ ಮಾಡಿದೆ. ಕ್ಷಾರವನ್ನೇ ಕೈಬಿಟ್ಟು, ನಿರ್ವಾತದಲ್ಲಿ ಹಬೆ ಹಾಯಿಸಿ ಆಮ್ಲವನ್ನು ಬಟ್ಟಿ ಇಳಿಸುವ ಭೌತಿಕ ಶುದ್ಧೀಕರಣದಲ್ಲಿ ಸೋಪ್‌ಸ್ಟಾಕಿನ ಪ್ರಶ್ನೆಯೇ ಏಳುವುದಿಲ್ಲ. ತಾಳೆ ಎಣ್ಣೆಗೆ ಸಾಮಾನ್ಯವಾಗಿ ಇದೇ ಕ್ರಮ.

ಬ್ಲೀಚಿಂಗ್ ಮಣ್ಣಿನ ಲೆಕ್ಕ ಸರಳ. 100 ಟನ್ ಎಣ್ಣೆಗೆ ಶೇ. 1ರಂತೆ ಒಂದು ಟನ್ ಮಣ್ಣು ಬಳಸಿ, ತೆಗೆದ ಹಿಂಡಿಯಲ್ಲಿ ಶೇ. 25 ಎಣ್ಣೆ ಉಳಿದರೆ ಸುಮಾರು 330 ಕಿಲೋ ಹೋದಂತೆ. ಫಿಲ್ಟರಿನಲ್ಲಿರುವಾಗಲೇ ಹಬೆ ಊದಿದರೆ ಇದರಲ್ಲೊಂದು ಪಾಲು ಹಿಂದೆ ಬರುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವ ಈ ಕಪ್ಪು ಮಣ್ಣನ್ನು, ಅದರಲ್ಲೂ ಸೂರ್ಯಕಾಂತಿ ಎಣ್ಣೆಯದನ್ನು, ರಾಶಿ ಹಾಕಿದರೆ ಗಾಳಿ ತಾಗಿ ಒಳಗೊಳಗೇ ಕಾದು ಕಮಟು ವಾಸನೆ ಬರುತ್ತದೆ, ಕೆಲವೊಮ್ಮೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಹೆಕ್ಸೇನಿನಿಂದ ಎಣ್ಣೆ ತೆಗೆಯುವ ಕೆಲಸ ತಡವಾಗಬಾರದು. ಹೀಗೆ ಬರುವ ಎಣ್ಣೆ ಕಪ್ಪಗೆ, ಉತ್ಕರ್ಷಣಗೊಂಡಿರುತ್ತದೆ. ಅಡುಗೆ ಎಣ್ಣೆಗೆ ಮರಳಿ ಬೆರೆಸುವಂಥದ್ದಲ್ಲ. ಉಳಿದ ಮಣ್ಣಿನ ಹೆಕ್ಸೇನನ್ನು ಹಬೆಯಿಂದ ಓಡಿಸಿದ ಮೇಲೆ ಆ ಮಣ್ಣನ್ನು ಇಟ್ಟಿಗೆ, ಸಿಮೆಂಟಿಗೆ ಬಳಸಬಹುದು.