ಕಳಚಿಟ್ಟ ಸಿಲಿಂಡರ್ ಮರಳಿ ಬಂದ ಕಥೆ

ಸಾಮಾನ್ಯ ಸ್ಕೂಬಾದಲ್ಲಿ ಬಿಟ್ಟ ಉಸಿರೆಲ್ಲ ಗುಳ್ಳೆಯಾಗಿ ಮೇಲೆ ಹೋಗುತ್ತದೆ. ರಿಬ್ರೀದರ್ ಅದನ್ನು ಚೀಲದಲ್ಲಿ ಹಿಡಿದು, ಸೋಡಾ ಲೈಮ್ ತುಂಬಿದ ಡಬ್ಬಿಯಲ್ಲಿ ಹಾಯಿಸಿ, ಇಂಗಾಲದ ಡೈಆಕ್ಸೈಡ್ ಕಳೆದು, ದೇಹ ಬಳಸಿದಷ್ಟೇ ಆಮ್ಲಜನಕ ಬೆರೆಸಿ ಮತ್ತೆ ಬಾಯಿಗೆ ಕೊಡುತ್ತದೆ. ಮೈಗೆ ಬೇಕಾದ ಆಮ್ಲಜನಕ ನಿಮಿಷಕ್ಕೆ ಸುಮಾರು 1 ಲೀಟರ್, ಎಷ್ಟು ಆಳಕ್ಕಿಳಿದರೂ ಹೆಚ್ಚುಕಡಿಮೆ ಅಷ್ಟೇ. 3 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿದರೆ 600 ಲೀಟರ್, ಲೆಕ್ಕದ ಪ್ರಕಾರ 10 ಗಂಟೆ. ಸಿಲಿಂಡರಿನ ಹೊರೆ ಇಳಿಸುವ ಈ ಯಂತ್ರದ ಜೊತೆಗೂ ಇಂದು ಎಡಕ್ಕೊಂದು ಬಲಕ್ಕೊಂದು ಸಿಲಿಂಡರ್ ತೂಗುಹಾಕಿಕೊಂಡೇ ಡೈವರುಗಳು ನೀರಿಗಿಳಿಯುತ್ತಾರೆ.

ಹೆನ್ರಿ ಫ್ಲೂಸ್ 1878ರಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದ ಉಪಕರಣದಲ್ಲಿ ಇದ್ದದ್ದು ಶುದ್ಧ ಆಮ್ಲಜನಕ ಮಾತ್ರ. ಎರಡು ವರ್ಷದ ನಂತರ, ನೀರು ತುಂಬಿದ್ದ ಸೆವರ್ನ್ ಸುರಂಗದಲ್ಲಿ ಡೈವರ್ ಅಲೆಕ್ಸಾಂಡರ್ ಲ್ಯಾಂಬರ್ಟ್ ಅದನ್ನೇ ತೊಟ್ಟು, ಕತ್ತಲಲ್ಲಿ ತಡಕುತ್ತ ಹೋಗಿ ಕಬ್ಬಿಣದ ಬಾಗಿಲು ಮುಚ್ಚಿಬಂದ. ದಾರಿಯಲ್ಲಿ ಅದು ಕೈಕೊಟ್ಟಿದ್ದರೆ? ಉತ್ತರವಿರಲಿಲ್ಲ. 1941ರ ಡಿಸೆಂಬರಿನಲ್ಲಿ ಅಲೆಕ್ಸಾಂಡ್ರಿಯಾ ಬಂದರಿಗೆ ನುಸುಳಿ ಬ್ರಿಟಿಷ್ ಯುದ್ಧನೌಕೆಗಳಿಗೆ ಸಿಡಿತಲೆ ಕಟ್ಟಿದ ಇಟಲಿಯ ಡೈವರುಗಳದ್ದೂ ಆಮ್ಲಜನಕದ ಯಂತ್ರವೇ. ಸುಮಾರು 6 ಮೀಟರಿನಾಚೆ ಶುದ್ಧ ಆಮ್ಲಜನಕ ವಿಷವಾಗುವ ಅಪಾಯವಿದ್ದುದರಿಂದ ಹೆಚ್ಚು ಆಳಕ್ಕೆ ಹೋಗುವಂತಿರಲಿಲ್ಲ. ಕೆಟ್ಟರೆ ನೀರಿನ ಮೇಲ್ಮೈ ಹತ್ತಿರವಿತ್ತು. ಎರಡನೆಯ ಸಿಲಿಂಡರ್ ಎಂದರೆ ಅದೇ.

1968ರ ಎಲೆಕ್ಟ್ರೋಲಂಗ್ ಎಂಬ ರಿಬ್ರೀದರ್ ಈ ಲೆಕ್ಕ ಬದಲಿಸಿತು. ಸೆನ್ಸರ್ ಆಮ್ಲಜನಕವನ್ನು ಅಳೆಯತೊಡಗಿದ ಮೇಲೆ ಬೇರೆ ಅನಿಲ ಬೆರೆಸಿ ಆಳಕ್ಕಿಳಿಯಬಹುದಾಯಿತು, ಮೇಲ್ಮೈ ದೂರವಾಯಿತು. ಗುಹೆಗಳಲ್ಲಂತೂ ತಲೆಯ ಮೇಲೆ ಕಲ್ಲಿನ ಚಾವಣಿ. ಗುಹೆಗಳ ಅನ್ವೇಷಕ ಬಿಲ್ ಸ್ಟೋನ್ ಹುಡುಕಿದ ಉಪಾಯ, ಒಂದೇ ಯಂತ್ರದಲ್ಲಿ ಎಲ್ಲವನ್ನೂ ಜೋಡಿಯಾಗಿಡುವುದು. 1987ರಲ್ಲಿ ಫ್ಲೋರಿಡಾದ ವಾಕುಲ್ಲಾ ಸ್ಪ್ರಿಂಗ್ಸ್‌ನಲ್ಲಿ ಅದನ್ನು ಹೊತ್ತು 24 ಗಂಟೆ ನೀರೊಳಗಿದ್ದರು. ಯಂತ್ರ ದೊಡ್ಡದು, ಕೊಳ್ಳುವವರು ಕಡಿಮೆ.

ಸಾಮಾನ್ಯ ಡೈವರುಗಳ ಕೈಗೆಟುಕಿದ್ದು 1997ರ ಬ್ರಿಟಿಷ್ ಇನ್‌ಸ್ಪಿರೇಷನ್. ಅದರ ಪೆಟ್ಟಿಗೆಯಲ್ಲಿ 3 ಲೀಟರಿನ ಎರಡು ಸಿಲಿಂಡರ್: ಒಂದರಲ್ಲಿ ಆಮ್ಲಜನಕ, ಇನ್ನೊಂದರಲ್ಲಿ ಗಾಳಿ ಅಥವಾ ಮಿಶ್ರಣ. ಯಂತ್ರ ಕೆಟ್ಟರೆ ಈ ಎರಡನೆಯದರಿಂದಲೇ ಉಸಿರಾಡಿ ಮೇಲೆ ಬರಬಹುದಲ್ಲ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ. 40 ಮೀಟರಿನಲ್ಲಿ ಒತ್ತಡ 5 ಬಾರ್. ನಿಮಿಷಕ್ಕೆ 20 ಲೀಟರ್ ಎಳೆಯುವವನು ಅಲ್ಲಿ 100 ಲೀಟರ್ ಕರಗಿಸುತ್ತಾನೆ, 600 ಲೀಟರ್ ಬರುವುದು 6 ನಿಮಿಷ. ಇಂಗಾಲದ ಡೈಆಕ್ಸೈಡ್ ಮೈಗೇರಿ ಏದುಸಿರು ಬಂದರೆ ಅದೂ ಅರ್ಧ. ತವದ ಮೇಲೆ ದೋಸೆಯಿರುವಾಗ ಒಲೆ ಆರಿದ ಮನೆಯವರಿಗೆ ಹೆಚ್ಚುವರಿ ಸಿಲಿಂಡರಿನ ಬೆಲೆ ಗೊತ್ತು. ಇಲ್ಲಿ ಪಕ್ಕದ ಮನೆಯಿಂದ ತರುವಂತಿಲ್ಲ.

ಆದ್ದರಿಂದ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ಪಕ್ಕೆಗೆ ಬಂತು. ಕಟ್ಟುವ ರೀತಿ ಸರಳ: ಸಿಲಿಂಡರಿನ ಕುತ್ತಿಗೆಗೊಂದು ಕೊಂಡಿ, ಕೆಳಭಾಗಕ್ಕೆ ಬಿಗಿದ ಪಟ್ಟಿಯಿಂದ ಹೊರಟ ಹಗ್ಗದ ತುದಿಗೆ ಇನ್ನೊಂದು, ಅವನ್ನು ಡೈವರನ ಎದೆಪಟ್ಟಿಯ ಬಳೆಗೂ ಸೊಂಟಪಟ್ಟಿಯ ಬಳೆಗೂ ಸಿಕ್ಕಿಸುವುದು. ತುಂಬಿದಾಗ ಮುಳುಗುವ ಅಲ್ಯೂಮಿನಿಯಂ ಖಾಲಿಯಾದಂತೆ ತೇಲುತ್ತದೆ, ಬುಡ ಮೇಲೆದ್ದು ಬೆನ್ನಿನ ಕಡೆ ತಿರುಗುತ್ತದೆ. ಆಗ ಹಿಂದಿನ ಕೊಂಡಿಯನ್ನು ಬಿಚ್ಚಿ ಸೊಂಟದ ಮುಂಬದಿಯ ಬಳೆಗೆ ಹಾಕಬೇಕು. ಗುಹೆಯವರು ಇಷ್ಟಕ್ಕೆ ತೃಪ್ತರಾಗದೆ, ಬೆನ್ನಿಂದ ಎಳೆದ ರಬ್ಬರ್ ಹುರಿಯಲ್ಲಿ ಸಿಲಿಂಡರಿನ ಕುತ್ತಿಗೆಯನ್ನು ಕಂಕುಳಿಗೆ ಒತ್ತಿಕೊಳ್ಳುತ್ತಾರೆ. ಆ ಅನಿಲ ಎಷ್ಟು ಮೀಟರಿನವರೆಗೆ ಸುರಕ್ಷಿತ ಎಂಬ ಅಂಕಿ ಸಿಲಿಂಡರಿನ ಮೈಮೇಲೆ ದಪ್ಪಕ್ಷರದಲ್ಲಿರುತ್ತದೆ.

ಆದರೆ ಅನಿಲ ಇದ್ದರಷ್ಟೇ ಸಾಲದು. ಡೈಆಕ್ಸೈಡ್ ಏರಿದವನಿಗೆ ಒಂದು ಬಾಯಿತುಂಡು ತೆಗೆದು ಇನ್ನೊಂದು ಕಚ್ಚುವ ನಡುವಿನ ಒಂದು ಕ್ಷಣವೂ ತಡೆಯಲಾಗದು. 2005ರಲ್ಲಿ ದಕ್ಷಿಣ ಆಫ್ರಿಕಾದ ಬುಷ್‌ಮನ್ಸ್ ಹೋಲ್‌ನಲ್ಲಿ ಸುಮಾರು 270 ಮೀಟರ್ ಆಳದಲ್ಲಿ ಡೈವರ್ ಡೇವ್ ಶಾ ತೀರಿಕೊಂಡದ್ದು ಡೈಆಕ್ಸೈಡ್ ಏರಿದ್ದರಿಂದಲೇ. ಬಾಯಿತುಂಡು ಹಾಗೇ ಇರಲು, ಸನ್ನೆ ತಿರುಗಿಸಿದರೆ ನೇರ ಸಿಲಿಂಡರಿನಿಂದ ಉಸಿರು ಕೊಡುವ ಬೇಲ್‌ಔಟ್ ವಾಲ್ವ್ ಬಳಕೆಗೆ ಬಂದದ್ದು ಆ ಒಂದು ಕ್ಷಣವನ್ನು ಉಳಿಸಲೆಂದೇ.

ಹಾಗಾದರೆ ಪಕ್ಕೆಯ ಸಿಲಿಂಡರನ್ನು ಯಂತ್ರಕ್ಕೇ ಕೊಳವೆಯಿಂದ ಜೋಡಿಸಿಬಿಡಬೇಕೆ? ಇಲ್ಲಿ ಜಗಳ ಮುಗಿದಿಲ್ಲ. ಜೋಡಿಸಿದರೆ ಅನಿಲ ತಕ್ಷಣ ಸಿಗುತ್ತದೆ. ತಪ್ಪು ಸಿಲಿಂಡರ್ ಸಿಕ್ಕಿಸಿದರೆ ಆ ತಪ್ಪೂ ತಕ್ಷಣವೇ ಬಾಯಿಗೆ ಬರುತ್ತದೆ. ನಡುವೆ ಅನಿಲ ತಡೆಯುವ ವಾಲ್ವ್ ಇಟ್ಟು, ರೆಗ್ಯುಲೇಟರಿಗೆ ಒತ್ತಡ ಬಿಡುಗಡೆಯ ವಾಲ್ವ್ ಇಡಲು ಮರೆತರೆ, ಅದರ ಮೊದಲ ಹಂತ ಸೋರಿ ಕೊಳವೆಯನ್ನೇ ಒಡೆಯಬಹುದು. ನನಗೆ ಮೆಚ್ಚುಗೆಯಾಗುವುದು ಮಿತವಾದ ಕ್ರಮ: ಆಳದ ಅನಿಲದ ಒಂದೇ ಸಿಲಿಂಡರ್ ಬೇಲ್‌ಔಟ್ ವಾಲ್ವಿಗೆ, ಉಳಿದವು ತಂತಮ್ಮ ಬಾಯಿತುಂಡಿನೊಡನೆ ಬಿಡಿಯಾಗಿ. 1998ರಿಂದ 2010ರವರೆಗಿನ 181 ರಿಬ್ರೀದರ್ ಸಾವುಗಳನ್ನು ಆಂಡ್ರ್ಯೂ ಫಾಕ್ 2013ರಲ್ಲಿ ವಿಶ್ಲೇಷಿಸಿದ್ದಾರೆ; ಅದನ್ನು ಬಲ್ಲವರಿಗೆ ಹೊಸ ಕೀಲೊಂದನ್ನು ಸೇರಿಸುವಾಗ ಕೈ ತಡೆಯುತ್ತದೆ.

ಇನ್ನೂ ಆಳಕ್ಕೆ ಹೋದರೆ ಸಿಲಿಂಡರೇ ಸೋಲುತ್ತದೆ. 230 ಮೀಟರಿನಲ್ಲಿ ಒತ್ತಡ 24 ಬಾರ್; 11 ಲೀಟರಿನ ಸಿಲಿಂಡರ್ 5 ನಿಮಿಷವೂ ಬಾರದು. ಥಾಯ್ಲೆಂಡಿನ ಗುಹೆಯಿಂದ ಮಕ್ಕಳನ್ನು ಹೊರತರಲು ನೆರವಾದ ವೈದ್ಯ ರಿಚರ್ಡ್ ಹ್ಯಾರಿಸ್ 2023ರಲ್ಲಿ ನ್ಯೂಜಿಲೆಂಡಿನ ಪಿಯರ್ಸ್ ರಿಸರ್ಜೆನ್ಸ್‌ನಲ್ಲಿ ಅಷ್ಟು ಆಳಕ್ಕಿಳಿದದ್ದು ಜೋಡಿ ರಿಬ್ರೀದರ್ ಹೊತ್ತು. ಎರಡನೆಯದು ಇದೆಯೆಂದು ಸುಮ್ಮನಿರುವಂತಿಲ್ಲ. ಅದರ ಚೀಲಕ್ಕೆ ನೀರು ನುಗ್ಗಿದೆಯೇ, ಒಳಗಿನ ಆಮ್ಲಜನಕ ಆ ಆಳಕ್ಕೆ ಸರಿಯಿದೆಯೇ ಎಂದು ಇಳಿಯುತ್ತಲೇ ಆಗಾಗ ನೋಡಿಕೊಳ್ಳುತ್ತಿರಬೇಕು.